ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ಗೆ ಮರುಜೀವ

ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1963ರಲ್ಲಿ. ಒಂಬತ್ತು ವಾಲ್ವ್, 12 ಇಂಚಿನ ಒಂದು ಸ್ಪೀಕರ್, ಸುಮಾರು 20 ವಾಟ್ ಶಕ್ತಿ. ಅದರ ಬಿಡಿಭಾಗಗಳನ್ನು ಫೈಬರ್ ಹಲಗೆಯ ಮೇಲೆ ಕೈಯಿಂದಲೇ ಬೆಸೆದಿದ್ದಾರೆ. ಹೀಗಾಗಿ ಅರವತ್ತು ವರ್ಷ ಕಳೆದರೂ ಕೆಟ್ಟ ಭಾಗವನ್ನಷ್ಟೇ ಬಿಡಿಸಿ ಬದಲಿಸಬಹುದು.

ಕೆಲಸ ಶುರುವಾಗುವುದು ಸುರಕ್ಷತೆಯಿಂದ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಮೀರಿದ ವಿದ್ಯುತ್ ಉಳಿದಿರಬಹುದು, ಅದು ಪ್ರಾಣಾಂತಿಕ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಒಳಗೆ ಕೈಹಾಕಬೇಕು. ಹಳೆಯ ಎರಡು ಪಿನ್ನಿನ ವೈರ್ ತೆಗೆದು ಅರ್ಥ್ ಇರುವ ಮೂರು ಪಿನ್ನಿನದನ್ನು ಹಾಕಬೇಕು. ಮೇನ್ಸ್‌ನಿಂದ ಲೋಹದ ಚಾಸಿಗೆ ಜೋಡಿಸಿದ ಸಣ್ಣ ಕೆಪಾಸಿಟರನ್ನೂ ಕಿತ್ತುಹಾಕಬೇಕು. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟ್ ಬರುತ್ತದೆ.

ಬಹುಕಾಲ ಮೂಲೆಯಲ್ಲಿದ್ದ ಆಂಪನ್ನು ನೇರವಾಗಿ ಪ್ಲಗ್‌ಗೆ ಹಾಕಬಾರದು. ಮೊದಲ ಸಲ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಡುತ್ತಾರೆ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. 120 ವೋಲ್ಟಿನ ಅಮೆರಿಕನ್ ಆಂಪನ್ನು ಭಾರತದಲ್ಲಿ ಬಳಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಕಾಲ ಕಳೆದಂತೆ ತಪ್ಪದೆ ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ಒಣಗಿದಾಗ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಿಡದೆ ಬರುತ್ತದೆ. ಇವನ್ನು ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೇ ಬದಲಿಸುವುದು ಲೇಸು. ಕರಕರ ಸದ್ದಿಗೆ ವಯಸ್ಸಾದ ಕಾರ್ಬನ್ ರೆಸಿಸ್ಟರ್ ಕಾರಣವಿರಬಹುದು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗುತ್ತದೆ.

ನಂತರ ವಾಲ್ವ್‌ಗಳ ಸರದಿ. ಆಂಪ್ ಚಾಲೂ ಇರುವಾಗ ಪೆನ್ಸಿಲಿನ ತುದಿಯಿಂದ ಒಂದೊಂದನ್ನೂ ಮೆಲ್ಲಗೆ ತಟ್ಟುತ್ತಾರೆ. ಗಂಟೆಯಂತೆ ರಿಂಗಣಿಸುವ ವಾಲ್ವ್‌ನ ಒಳಭಾಗ ಸಡಿಲಾಗಿದೆ ಎಂದರ್ಥ. ಔಟ್‌ಪುಟ್‌ನ 6ವಿ6 ವಾಲ್ವ್ ಜೋಡಿಯನ್ನು ಹೊಸದಾಗಿ ಹಾಕಿದಾಗ ಬಯಾಸ್, ಅಂದರೆ ನುಡಿಸದಿದ್ದಾಗಲೂ ಅವುಗಳಲ್ಲಿ ಹರಿಯುವ ಕರೆಂಟನ್ನು, ಹೊಂದಿಸಬೇಕು: 415 ವೋಲ್ಟಿನಲ್ಲಿ ತಲಾ ಸುಮಾರು 23 ಮಿಲಿಆಂಪ್. ಹೆಚ್ಚಾದರೆ ವಾಲ್ವ್‌ನ ಒಳತಗಡು ಕೆಂಪಗೆ ಕಾಯುತ್ತದೆ; ಕಡಿಮೆಯಾದರೆ ನಾದ ಸೊರಗುತ್ತದೆ. ರೇಡಿಯೊ ಕಾಲದಲ್ಲಿ ಬೆಂಗಳೂರಿನ ಬಿಇಎಲ್ ಕೂಡ ವಾಲ್ವ್ ತಯಾರಿಸುತ್ತಿತ್ತು. ಇಂದು ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದ ಕಾರ್ಖಾನೆಗಳು ಉಳಿದಿವೆ.

ಕೆಡದ ಭಾಗವನ್ನು ಮುಟ್ಟದಿರುವುದೂ ದುರಸ್ತಿಯ ಧರ್ಮವೇ. ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಸೋರಿಕೆಯಿಲ್ಲದ ನೀಲಿ ಕೆಪಾಸಿಟರ್‌ಗಳು ಆ ಆಂಪಿನ ದನಿಯನ್ನು ರೂಪಿಸಿದವು; ಅವು ಇದ್ದಲ್ಲೇ ಇರಬೇಕು. ಕೊನೆಗೆ ಒಂದು ಗಂಟೆ ನುಡಿಸಿ, ಬಿಸಿಯಾದ ಮೇಲೆ ಬಯಾಸನ್ನು ಮತ್ತೊಮ್ಮೆ ಅಳೆಯುತ್ತಾರೆ. ತೆಗೆದ ಭಾಗಗಳನ್ನು ಚೀಲವೊಂದರಲ್ಲಿ ಹಾಕಿ, ಬದಲಿಸಿದ್ದರ ಪಟ್ಟಿಯೊಂದಿಗೆ ಮಾಲೀಕರಿಗೆ ಒಪ್ಪಿಸಿದರೆ ಮುಂದಿನ ದುರಸ್ತಿಗಾರರಿಗೆ ಅದೇ ದಾರಿದೀಪ.