ಸೋತ ತಂಡ ಮುಂದೆ ಹೋದದ್ದು ಹೇಗೆ?
ಕಾಲ್ಚೆಂಡು ಲೀಗಿನ ಪ್ಲೇಆಫ್ ಸರಣಿ

2025ರ ಏಪ್ರಿಲ್ 6ರಂದು ಗೋವೆಯಲ್ಲಿ ನಡೆದ ಕಾಲ್ಚೆಂಡಿನ ಪಂದ್ಯದಲ್ಲಿ ಎಫ್.ಸಿ. ಗೋವಾ ತಂಡವು ಬೆಂಗಳೂರು ಎಫ್.ಸಿ. ತಂಡವನ್ನು 2-1ರಿಂದ ಸೋಲಿಸಿತು. ಆದರೂ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೆ ಹೋದದ್ದು ಸೋತ ಬೆಂಗಳೂರು. ಗೆದ್ದ ಗೋವೆಯ ಆಟ ಅಲ್ಲಿಗೇ ಮುಗಿಯಿತು. ಇಷ್ಟನ್ನು ಮಾತ್ರ ಕೇಳಿದವರಿಗೆ ವಾರ್ತೆ ಓದುವವರು ತಪ್ಪಿದರೇನೋ ಎನಿಸಬಹುದು. ತಪ್ಪೇನೂ ಇರಲಿಲ್ಲ; ಪ್ಲೇಆಫ್ ಸರಣಿಯ ಲೆಕ್ಕವೇ ಬೇರೆ. ಅದನ್ನೊಮ್ಮೆ ತಿಳಿದುಕೊಂಡಿರೆಂದರೆ ವೀಕ್ಷಕ ವಿವರಣೆಯನ್ನು ಕೇಳುವಾಗ ನಿಮಗೆ ಯಾವ ತೊಡಕೂ ಇರದು.

ಮೊದಲು ಲೀಗ್ ಎಂದರೇನೆಂಬುದನ್ನು ನೋಡೋಣ. ಪ್ರತಿಯೊಂದು ತಂಡವೂ ಉಳಿದ ತಂಡಗಳೊಡನೆ ಒಮ್ಮೆ ತನ್ನ ಅಂಗಳದಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ ಆಡುತ್ತದೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. 2024-25ರಲ್ಲಿ ಈ ಲೀಗಿನಲ್ಲಿದ್ದವು ಹದಿಮೂರು ತಂಡಗಳು. ಒಂದೊಂದಕ್ಕೂ 24 ಪಂದ್ಯಗಳು. ಅವು ಮುಗಿದಾಗ ಕೊಲ್ಕತ್ತದ ಮೋಹನ್ ಬಾಗಾನ್ 56 ಅಂಕಗಳೊಡನೆ ಮೊದಲನೆಯದು, ಗೋವಾ 48ರೊಡನೆ ಎರಡನೆಯದು, ಬೆಂಗಳೂರು 38ರೊಡನೆ ಮೂರನೆಯದು.

ಪ್ಲೇಆಫ್ ಆರಂಭವಾದದ್ದು ಇಲ್ಲಿಂದ ಮುಂದೆ. 2024-25ರಲ್ಲಿ ಪಟ್ಟಿಯ ಮೊದಲ ಆರು ತಂಡಗಳು ಉಳಿದು, ಮಿಕ್ಕವು ನಿರ್ಗಮಿಸಿದವು. ಮೊದಲೆರಡು ತಂಡಗಳಿಗೆ ನೇರವಾಗಿ ಉಪಾಂತ್ಯದಲ್ಲಿ ಸ್ಥಾನ. ಮೂರನೆಯದು ಆರನೆಯದರೊಡನೆಯೂ ನಾಲ್ಕನೆಯದು ಐದನೆಯದರೊಡನೆಯೂ ಒಂದೇ ಒಂದು ಪಂದ್ಯವಾಡಬೇಕಿತ್ತು. ಸೋತರೆ ಎರಡನೆಯ ಅವಕಾಶವಿರಲಿಲ್ಲ. ಈ ಪಂದ್ಯ ನಡೆದದ್ದು ಪಟ್ಟಿಯಲ್ಲಿ ಮೇಲಿದ್ದವರ ಅಂಗಳದಲ್ಲಿ. ಹೀಗೆ ಬೆಂಗಳೂರು ತಂಡವು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿ ತಂಡವನ್ನು 5-0ರಿಂದ ಮಣಿಸಿ ಉಪಾಂತ್ಯಕ್ಕೇರಿತು. ಈ ಆರು ತಂಡಗಳ ಏರ್ಪಾಡು ಪೂರ್ಣವಾಗಿ ಆಚರಣೆಗೆ ಬಂದದ್ದು 2022-23ರಲ್ಲಿ. ಅದಕ್ಕೆ ಮುಂಚೆ ಮೊದಲ ನಾಲ್ಕು ತಂಡಗಳೇ ಉಪಾಂತ್ಯವನ್ನು ಆಡುತ್ತಿದ್ದುವು.

ಉಪಾಂತ್ಯವೆಂಬುದು ಎರಡು ಪಂದ್ಯಗಳ ಜೋಡಿಯಾಗಿತ್ತು. ಯಾರು ಎಷ್ಟು ಪಂದ್ಯ ಗೆದ್ದರೆಂಬುದನ್ನು ಇಲ್ಲಿ ಕೇಳುವುದಿಲ್ಲ. ಎರಡರಲ್ಲೂ ಹೊಡೆದ ಗೋಲುಗಳನ್ನು ಕೂಡಿ ನೋಡುತ್ತಾರೆ. ಏಪ್ರಿಲ್ 2ರಂದು ಬೆಂಗಳೂರಿನಲ್ಲಿ ನಮ್ಮ ತಂಡ 2-0ರಿಂದ ಗೆದ್ದಿತ್ತು. ನಾಲ್ಕು ದಿನಗಳ ಬಳಿಕ ಗೋವಾ ತನ್ನ ಅಂಗಳದಲ್ಲಿ ಎರಡು ಗೋಲು ಹೊಡೆದು ಲೆಕ್ಕವನ್ನು ಸರಿಗಟ್ಟಿತು. ತೊಂಬತ್ತು ನಿಮಿಷಗಳು ಮುಗಿದು, ನಷ್ಟವಾದ ಹೊತ್ತಿಗೆಂದು ರೆಫರಿ ಸೇರಿಸಿದ ನಿಮಿಷಗಳು ನಡೆಯುತ್ತಿದ್ದಾಗ ಸುನಿಲ್ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಆ ದಿನದ ಲೆಕ್ಕ 2-1, ಗೋವೆಗೆ ಜಯ. ಒಟ್ಟು ಲೆಕ್ಕ 3-2, ಬೆಂಗಳೂರಿಗೆ ಜಯ. ಮೇಲೆ ಹೇಳಿದ ಒಗಟಿನ ಉತ್ತರ ಇದೇ.

ಒಟ್ಟು ಲೆಕ್ಕವೂ ಸಮವಾದರೆ? ಆಗ ಹದಿನೈದು ನಿಮಿಷಗಳಂತೆ ಎರಡು ಸಲ ಹೆಚ್ಚಿನ ಆಟ. ಅದರಲ್ಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಒದೆತಗಳು. 2023ರ ಮಾರ್ಚಿಯಲ್ಲಿ ಬೆಂಗಳೂರು ಮತ್ತು ಮುಂಬಯಿ ತಂಡಗಳ ಲೆಕ್ಕ 2-2ರಲ್ಲಿ ನಿಂತು, ಪೆನಾಲ್ಟಿಗಳಲ್ಲಿ ಬೆಂಗಳೂರು 9-8ರಿಂದ ಗೆದ್ದಿತು.

ಈಗ ನೀವು ಕೇಳಬಹುದಾದ ಪ್ರಶ್ನೆಯೊಂದುಂಟು. ತಿಂಗಳುಗಟ್ಟಲೆ ಬೆವರು ಸುರಿಸಿ ಮೊದಲ ಸ್ಥಾನ ಪಡೆದವರು ಒಂದು ಸಂಜೆಯ ಆಟದಲ್ಲಿ ಕಿರೀಟ ಕಳೆದುಕೊಳ್ಳುವುದು ನ್ಯಾಯವೇ? ಈ ನೋವು ಬೆಂಗಳೂರಿಗೆ ಹೊಸದಲ್ಲ. 2017-18ರಲ್ಲಿ, ಈ ಲೀಗಿನಲ್ಲಿ ತಾನಾಡಿದ ಮೊದಲ ವರ್ಷವೇ, ಅದು 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ ಎಂಟು ಅಂಕ ಮುಂದಿತ್ತು. ಅಂತಿಮ ಪಂದ್ಯ ಕಂಠೀರವದಲ್ಲೇ ನಡೆಯಿತು. ಚೆನ್ನೈಯಿನ್ 3-2ರಿಂದ ಗೆದ್ದು ಕಪ್ಪನ್ನು ಕೊಂಡೊಯ್ದಿತು. ಪಟ್ಟಿಯ ಅಗ್ರಸ್ಥಾನಕ್ಕೆಂದು ಲೀಗಿನಲ್ಲಿ ಆಗ ಬೇರೆ ಪಾರಿತೋಷಕವೂ ಇರಲಿಲ್ಲ.

ವರ್ಷವಿಡೀ ಓದಿದ ಹುಡುಗನನ್ನೂ ಪರೀಕ್ಷೆಯ ಮೂರು ಗಂಟೆಗಳಲ್ಲಿ ಎದೆಗುಂದದೆ ಬರೆದ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಲೀಗ್ ಅಳೆಯುವುದು ಸಾತತ್ಯವನ್ನು. ಪ್ಲೇಆಫ್ ಅಳೆಯುವುದು ಆ ಗಳಿಗೆಯ ಧೈರ್ಯವನ್ನು. ಆದ್ದರಿಂದ 2019-20ರಿಂದ ಪಟ್ಟಿಯ ಮೊದಲಿಗರಿಗೆ ಶೀಲ್ಡ್ ಎಂಬ ಪ್ರತ್ಯೇಕ ಬಹುಮಾನವನ್ನು ಕೊಡತೊಡಗಿದ್ದು ಉಚಿತವೇ ಆಯಿತು. 2023-24ರಲ್ಲಿ ಶೀಲ್ಡ್ ಮೋಹನ್ ಬಾಗಾನಿಗೆ, ಕಪ್ಪು ಮುಂಬಯಿಗೆ. 2025ರಲ್ಲಿ ಮೋಹನ್ ಬಾಗಾನ್ ಎರಡನ್ನೂ ಗೆದ್ದಿತು: ಕೊಲ್ಕತ್ತದ ಅಂತಿಮ ಪಂದ್ಯದಲ್ಲಿ ಮೊದಲು ಮುಂದಿದ್ದ ಬೆಂಗಳೂರನ್ನು ಹೆಚ್ಚಿನ ಆಟದಲ್ಲಿ 2-1ರಿಂದ ಸೋಲಿಸಿತು. ಹದಿನೆಂಟು ಅಂಕ ಹಿಂದಿದ್ದ ತಂಡ ಅಷ್ಟು ಹತ್ತಿರ ಬರುವಂತಾದದ್ದೂ ಪ್ಲೇಆಫಿನಿಂದಲೇ.

ಲೀಗಿನ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಪ್ಲೇಆಫೇ ಇಲ್ಲದೆ ಪಟ್ಟಿಯಿಂದಲೇ ವಿಜೇತರನ್ನು ಆರಿಸುವ ಲೀಗುಗಳೂ ಇವೆ. ಪ್ಲೇಆಫ್ ನಡೆಯುವಾಗ ಮೂರು ಸಂಗತಿಗಳನ್ನು ಗುರುತಿಟ್ಟುಕೊಳ್ಳಿ: ಇದು ಒಂಟಿ ಪಂದ್ಯವೋ ಜೋಡಿಯೋ, ಯಾರ ಅಂಗಳ, ಹಿಂದಿನ ಪಂದ್ಯದ ಗೋಲುಗಳೆಷ್ಟು. ಇಷ್ಟು ನೆನಪಿದ್ದರೆ, ಸೋತ ತಂಡದವರು ಕುಣಿದಾಡುವ ಸದ್ದು ಕೇಳಿಬಂದಾಗ ನೀವು ಬೆರಗಾಗಬೇಕಾಗಿಲ್ಲ.