ಕನಕನ ಹಬ್ಬಕ್ಕೆ ಸೂಟಿ. ಕನಕನ ಪುಸ್ತಕಕ್ಕೂ ಸೂಟಿಯೇ?

ಹಾನಗಲ್ಲ: 2025ರಲ್ಲಿ ಕನಕ ಜಯಂತಿ ಬಂದದ್ದು ನವೆಂಬರ್ 8ಕ್ಕೆ. ಅಂದು ಎರಡನೇ ಶನಿವಾರ. ಹೇಗೂ ಸರಕಾರಿ ಕಚೇರಿಗೆ ಬೀಗ ಬೀಳುವ ದಿನ. 'ಒಂದು ಸೂಟಿ ಹೋತಲ್ರೀ' ಎಂದು ನೌಕರ ಬಂಧುಗಳು ಕೈ ಹಿಸುಕಿಕೊಂಡಿದ್ದರೆ ತಪ್ಪೇನಿಲ್ಲ. ಕಾರ್ತಿಕ ಹುಣ್ಣಿಮೆ ಕಳೆದು ಮೂರನೇ ದಿನಕ್ಕೆ ಬರುವ ಹಬ್ಬವಿದು. 2023ರಲ್ಲಿ ನವೆಂಬರ್ 30, 2024ರಲ್ಲಿ ನವೆಂಬರ್ 18. ವಾರ ನೋಡಿಕೊಂಡು ಬರುವ ಹಬ್ಬವಲ್ಲ.

ಅಂಗಡಿಕಾರರಿಗಂತೂ ಯಾವ ಜಯಂತಿಯೂ ಸೂಟಿ ಅಲ್ಲ. ಡೊಳ್ಳು ಬಂದಾಗ ತಕ್ಕಡಿ ಬಿಟ್ಟು ಬಾಗಿಲಿಗೆ ಬರುವುದು, ಭಾವಚಿತ್ರಕ್ಕೆ ಕೈ ಮುಗಿಯುವುದು, ಮತ್ತೆ ಗಿರಾಕಿ. ಬಸ್ಸಿನವರಿಗೆ ಮೆರವಣಿಗೆ ಎಂದರೆ ಅರ್ಧ ತಾಸು ತಡ.

ಆದರೆ ಕನಕ ಯಾರವನು? ನಮ್ಮವನೇ. ಹುಟ್ಟಿದ್ದು ಪಕ್ಕದ ಶಿಗ್ಗಾಂವ ತಾಲೂಕಿನ ಬಾಡದಲ್ಲಿ, ತಿಮ್ಮಪ್ಪ ನಾಯಕನೆಂಬ ಹೆಸರಲ್ಲಿ. ಹಾಡಿದ್ದೆಲ್ಲ ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ ಬರೆದ. ಕೀರ್ತನೆಗಳು ಭಜನೆಯಲ್ಲಿ ಉಳಿದಿವೆ. ಅಂಗಡಿ ಸಾಲಿನವರು ಓದಲೇಬೇಕಾದ ಪುಸ್ತಕ ಮಾತ್ರ ಬೇರೊಂದಿದೆ: ರಾಮಧಾನ್ಯ ಚರಿತೆ.

ಕತೆ ಇಷ್ಟೇ. ಅಕ್ಕಿಗೂ ರಾಗಿಗೂ ಜಗಳ. ನಾನು ಮೇಲು, ನೀನು ಕೀಳು ಎಂದು ಅಕ್ಕಿಯ ಜಂಬ. ಬರಗಾಲದಲ್ಲಿ ಬಡವರ ಜೀವ ಉಳಿಸುವವನು ನಾನು, ನೀನು ಉಳ್ಳವರ ಕಡೆಯವನು ಎಂದು ರಾಗಿಯ ಎದುರು ಮಾತು. ನ್ಯಾಯ ರಾಮನ ಮುಂದೆ ಹೋಯಿತು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಬಾಗಿಲು ತೆರೆದಾಗ ಅಕ್ಕಿ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ಗೆದ್ದ ಧಾನ್ಯಕ್ಕೆ ರಾಮ ತನ್ನ ರಾಘವ ಎಂಬ ಹೆಸರನ್ನೇ ಕೊಟ್ಟ.

ಇದು ಬರೀ ಪುರಾಣ ಅಲ್ರೀ. ಒಣ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಅಕ್ಕಿಗೆ ಬೇಗ ಹುಳ ಬೀಳುತ್ತದೆ. ಧಾನ್ಯ ತೂಗುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭತ್ತ ಬೆಳೆಯುವ ನಮ್ಮ ಸೀಮೆಯಲ್ಲೇ ಬಾಳಿದ ಕವಿ ಅಕ್ಕಿಯನ್ನು ಸೋಲಿಸಿದ! ಅವನ ಗುರಿ ಅಕ್ಕಿಯಲ್ಲ. ಹುಟ್ಟು ನೋಡಿ, ಉಣ್ಣುವುದನ್ನು ನೋಡಿ ಮನುಷ್ಯನ ಬೆಲೆ ಕಟ್ಟುವವರ ಮೇಲೆ ಬಿದ್ದ ಏಟದು.

ಈಗ ನೋಡಿ. ಮೆರವಣಿಗೆ ಬಂದರೆ 'ಅದು ಕುರುಬ ಸಮಾಜದವರದು' ಎಂದು ಪಕ್ಕಕ್ಕೆ ಸರಿಯುವವರು ಉಂಟು. ಬಸವಣ್ಣ ಅವರಿಗೆ, ವಾಲ್ಮೀಕಿ ಇವರಿಗೆ, ಕನಕ ಮತ್ತೊಬ್ಬರಿಗೆ ಎಂದು ಪಾಲು ಹಾಕಿಕೊಂಡರೆ, ಮೇಲು ಕೀಳಿನ ಜಗಳ ಮತ್ತೆ ಶುರುವಾದಂತೆಯೇ.

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಒಂದು ಕನಕ ಜಯಂತಿಯ ದಿನ ಈ ಪುಸ್ತಕ ಓದೋಣವೆಂದು ವಾಚನಾಲಯಕ್ಕೆ ಹೋದೆ. ಬೀಗ! ಕವಿಯ ಹೆಸರಲ್ಲಿ ಸೂಟಿ ಕೊಟ್ಟು ಕವಿಯ ಪುಸ್ತಕವನ್ನೇ ಒಳಗೆ ಹಾಕಿ ಕೀಲಿ ಜಡಿದರೆ ಹೇಗೆ? ಮರುದಿನ ತಂದು ಓದಿದೆ. ಭಾಮಿನಿ ಷಟ್ಪದಿ. ಹಳೆ ಶಬ್ದ ಅಲ್ಲಲ್ಲಿ ತಡೆಯುತ್ತವೆ, ಜಗಳ ಮಾತ್ರ ಸಂತೆಯ ಜಗಳದಷ್ಟೇ ಸ್ಪಷ್ಟ.

ಸಂಬಂಧಪಟ್ಟವರಲ್ಲಿ ಒಂದೇ ವಿನಂತಿ. ಮುಂದಿನ ಜಯಂತಿಗೆ ವಾಚನಾಲಯಗಳ ಬಾಗಿಲು ಎರಡು ತಾಸಾದರೂ ತೆಗೆಯಿರಿ. ಓದಬಲ್ಲ ಒಬ್ಬ ಮಾಸ್ತರರನ್ನು ಕೂರಿಸಿ ಅಕ್ಕಿ-ರಾಗಿ ಜಗಳ ಗಟ್ಟಿಯಾಗಿ ಓದಿಸಿರಿ. ಬಸ್ಸಿಗೆ ಕಾಯುವವರೂ ಕಿವಿಗೊಟ್ಟಾರು. ಹಾರ ತುರಾಯಿಯ ಖರ್ಚಿಗಿಂತ ಇದು ಕಡಿಮೆಯೇ.