ಮೇಲಿನ ಕೆರೆ ಒಡೆದರೆ

ಚಿಂತಾಮಣಿ ತಾಲ್ಲೂಕಿನ ತಲಗವಾರದಲ್ಲಿ ಹುಟ್ಟುವ ಪಾಲಾರ್ ನದಿಯನ್ನು ವರ್ಷದ ಬಹುಪಾಲು ದಿನ ಕಾಲು ನೆನೆಯದಂತೆ ದಾಟಬಹುದು. ಅದೇ ನದಿ 1903ರ ನವೆಂಬರ್ 12ರಂದು ತಮಿಳು ಸೀಮೆಯ ವಾಣಿಯಂಬಾಡಿಗೆ ನುಗ್ಗಿ ಸುಮಾರು 200 ಜನರನ್ನು ಬಲಿ ತೆಗೆದುಕೊಂಡಿತು. ಬರೀ ಮಳೆಯಿಂದ ಆದ ಅನಾಹುತವಲ್ಲ ಅದು. ಮೇಲೆ ಮೈಸೂರು ಸಂಸ್ಥಾನದ ಕೆರೆಗಳು ಒಡೆದಿದ್ದವು. ಬೇತಮಂಗಲದ ದೊಡ್ಡ ಕೆರೆ ಕಿತ್ತುಹೋದದ್ದೂ ಆ ವರ್ಷವೇ. ಮೈಸೂರಿನವರು ನೀರು ತಡೆದುಬಿಡುತ್ತಾರೆಂಬ ಮದ್ರಾಸಿನವರ ಆತಂಕಕ್ಕೆ 1892ರಲ್ಲಿ ಒಪ್ಪಂದವಾಗಿತ್ತು, ಅದರ ಪಟ್ಟಿಯಲ್ಲಿ ಪಾಲಾರೂ ಇತ್ತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಯಾರೂ ತಡೆಯಲಾಗದಷ್ಟು ನೀರು ಇಳಿದುಹೋಯಿತು.

ಬರಕ್ಕೆ ಹೆದರಿದ ನಾಡು ನಮ್ಮದು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಹಿರಿಯರು 4,000ಕ್ಕೂ ಹೆಚ್ಚು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಆದರೆ ಒಂದರ ಏರಿ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಮುಂದಿನ ಏರಿಯ ಮೇಲೆ ಬೀಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಲಿಬಿಯಾದ ಡೆರ್ನಾದಲ್ಲಿ ನಡೆದದ್ದು ಇದೇ. ಸದಾ ಒಣಗಿರುವ ಕಣಿವೆಯಲ್ಲಿ ಮೇಲಿನ ಅಣೆಕಟ್ಟೆ ಹೋಯಿತು, ಹಿಂದೆಯೇ ಕೆಳಗಿನದೂ ಹೋಯಿತು, ಸಾವಿರಾರು ಜನ ಕಡಲು ಪಾಲಾದರು.

ಏರಿ ಒಡೆಯುವುದು ಸಣ್ಣ ತೂತಿನಿಂದ. ಏಡಿ ಬಿಲ, ಇಲಿ ಬಿಲ, ಸತ್ತ ಮರದ ಬೇರು ಕೊಳೆತ ಜಾಗ. ಅಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಾಧಾನ, ಕೆಂಪಗೆ ಮಣ್ಣು ಬೆರೆತು ಬಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ನಡೆದು ಇದನ್ನು ನೋಡುತ್ತಿದ್ದವನು ನೀರುಗಂಟಿ. ಬೋರ್‌ವೆಲ್ ಬಂದ ಮೇಲೆ ತೂಬಿನ ನೀರು ಯಾರಿಗೂ ಬೇಡವಾಯಿತು, ಅವನ ಕೆಲಸವೂ ಹೋಯಿತು. ಏರಿ ಮೇಲೆ ಜಾಲಿ ಬೆಳೆಯಿತು, ರಾಜಕಾಲುವೆಗಳು ಲೇಔಟುಗಳಾದವು. ಇದನ್ನು ಅಭಿವೃದ್ಧಿ ಎಂದು ಕರೆಯುವವರ ಮೇಲೆ ನನಗೆ ಸಿಟ್ಟಿದೆ.

2021ರ ನವೆಂಬರಿನಲ್ಲಿ ಮಳೆ ಮತ್ತೆ ಲೆಕ್ಕ ಕೇಳಿತು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕೋಡಿ ಹರಿಯಿತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಎಚ್‌.ಎನ್‌. ವ್ಯಾಲಿ ಯೋಜನೆಯಲ್ಲಿ ಮೊದಲೇ ತುಂಬಿಸಿಕೊಂಡಿದ್ದ ಕೆರೆ ಅದು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ದಡ ಮೀರಿತು. ಶಿಡ್ಲಘಟ್ಟದ ಕಡೆ ಹುಟ್ಟುವ ಪಾಪಾಗ್ನಿ ಕಡಪ ಜಿಲ್ಲೆಯ ಕಮಲಾಪುರಂ ಬಳಿ ಸೇತುವೆಯನ್ನೇ ಕೆಡವಿತು.

ಇವತ್ತು ಕೆರೆಗಳಿಗೆ ನೀರು ತುಂಬಿಸಲು ಕೋಟಿಗಟ್ಟಲೆ ಹಣವಿದೆ. ತುಂಬಿದ ಕೆರೆಯ ಏರಿ ಕಾಯಲು ಊರಿಗೊಬ್ಬ ನೀರುಗಂಟಿಯ ಸಂಬಳವನ್ನೂ ಆ ಲೆಕ್ಕದಲ್ಲೇ ಬರೆಯಬೇಕು, ಮುಂದಿನ ನವೆಂಬರಿಗೆ ಮೊದಲು.